ಒಡೆದ ಗಾಜನ್ನು ಬದಲಿಸಬೇಡಿ

ಸುರಂಗ ಕಾಮಗಾರಿಯ ಅಪಾಯ ನಿರ್ವಹಣಾ ಅಧಿಕಾರಿಗಳೇ,

ಮಾನ್ಯರೇ ಎಂದು ಶುರುಮಾಡುವುದು ರೂಢಿ. ಆ ಪದ ಬರೆಯಲು ಕೈ ಏಳಲಿಲ್ಲ, ಮನ್ನಿಸಿ. ಕಳೆದ ವರ್ಷ ನಿಮ್ಮ ಮೊದಲ ಸುರಂಗ ನಮ್ಮ ಮನೆಯ ಕೆಳಗೆ ಹಾದುಹೋಗುವಾಗ ನೆಲ ಕುಸಿದು ನನ್ನ ಗಂಡ ಒಳಗೆ ಹೋದರು. ಅವರನ್ನು ಹುಡುಕದೆಯೇ ನೀವು ಆ ಗುಂಡಿಗೆ ಕಾಂಕ್ರೀಟ್ ತುಂಬಿಸಿದಿರಿ. ಈಗ ಪಕ್ಕದಲ್ಲೇ ಎರಡನೇ ಸುರಂಗ ಕೊರೆಯಲು ಹೊರಟಿದ್ದೀರಿ. ಉಳಿದಿರುವ ಅರ್ಧ ಮನೆಯಲ್ಲಿ, ನನ್ನ ಅತ್ತೆ ಮಲಗುವ ಕೋಣೆಯ ಗೋಡೆ ಮತ್ತೆ ಬಿರುಕು ಬಿಟ್ಟಿದೆ. ನಿಮ್ಮ ಕಚೇರಿಗೆ ಕೊಟ್ಟ ಅರ್ಜಿಗಳಿಗೆ ಉತ್ತರವಿಲ್ಲದ ಕಾರಣ ಇದನ್ನು ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಮುಂದೆ ಅಂಗಡಿ, ನಡುವೆ ವಾಸ, ಹಿಂದೆ ಯಜಮಾನರು ಗಾಜು ಕುಯ್ಯುತ್ತಿದ್ದ ಕೋಣೆ. ಸುರಂಗ ಹತ್ತಿರ ಬಂದಾಗ ನಿಮ್ಮ ಅಳತೆಯವರು ಬೀದಿಯ ಪ್ರತಿ ಬಿರುಕಿನ ಮೇಲೂ ಅಡ್ಡಲಾಗಿ ಒಂದೊಂದು ಗಾಜಿನ ಪಟ್ಟಿ ಅಂಟಿಸಿದರು. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಒಡೆದರೆ ಯಂತ್ರ ನಿಲ್ಲಿಸಬೇಕು, ಮನೆಯವರನ್ನು ಹೊರಗೆ ಕಳಿಸಬೇಕು. ಎಂಥ ಸರಳ ಏರ್ಪಾಡು! ಇದನ್ನು ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ. ಆದರೆ ಅವರು ನಿಮ್ಮ ಕಚೇರಿಯವರನ್ನು ಕಂಡಿರಲಿಲ್ಲ ಪಾಪ.

ತಂದ ಪಟ್ಟಿಗಳು ಮುಗಿದು ನಿಮ್ಮ ಅಳತೆಯವರು ನಮ್ಮ ಅಂಗಡಿಗೇ ಬರತೊಡಗಿದರು. ಮೊದಲು ಒಂದೆರಡು ಪಟ್ಟಿ, ಆಮೇಲೆ ಕಟ್ಟುಗಟ್ಟಲೆ. ನಮ್ಮ ಯಜಮಾನರಿಗೆ ತಮಾಷೆ ಜಾಸ್ತಿ.

"ಏನ್ರೀ, ನಿಮ್ಮಾಫೀಸಲ್ಲಿ ಗಾಜು ತಿಂತಾರಾ?" ಅಂದರು.

"ಒಡೀತಾ ಇದಾವೆ ಯಜಮಾನ್ರೇ. ಹೊಸದು ಅಂಟಿಸ್ತಾ ಇದೀವಿ."

"ಒಡೆದ್ರೆ ಮಷಿನ್ ನಿಲ್ಲಿಸ್ಬೇಕು ಅಂದಿದ್ರಲ್ಲ?"

"ಹಾಗೆ ನಿಲ್ಲಿಸ್ತಾ ಕೂತ್ರೆ ಸುರಂಗ ಮುಗಿದ ಹಾಗೇ! ಹೊಸ ಗಾಜು ಹಾಕಿದ್ರೆ ಲೆಕ್ಕ ಮತ್ತೆ ಮೊದಲಿಂದ ಶುರು. ನೋಡೋಕೆ ಬಂದವರಿಗೆ ಇಡೀ ಗಾಜು ಕಾಣ್ಬೇಕು, ಅಷ್ಟೇ. ಒಡೆದದ್ದಕ್ಕೆ ಮಕ್ಕಳ ಚೆಂಡು ತಾಗಿತು ಅಂತ ವರದೀಲಿ ಬರೀತೀವಿ."

ನಮ್ಮ ಗೋಡೆಯ ಗಾಜಿಗೂ ಮಕ್ಕಳ ಚೆಂಡೇ ತಾಗಿತ್ತಂತೆ. ಅಧಿಕಾರಿಗಳೇ, ನಮಗೆ ಮಕ್ಕಳಿಲ್ಲ. ಒಂದು ಚೆಂಡಾದರೂ ಈ ಮನೆಯಲ್ಲಿ ಪುಟಿಯಲಿ ಎಂದು ನಾನು ಎಷ್ಟು ವರ್ಷ ಹಂಬಲಿಸಿದೆನೋ! ಕೊನೆಗೆ ನಿಮ್ಮ ವರದಿಯಲ್ಲಿ ಪುಟಿಯಿತು.

ಅಂದು ಊಟಕ್ಕೆ ಕೂತಾಗ ಯಜಮಾನರು, "ನಂಗ್ಯಾಕೋ ಇದು ಸರಿ ಕಾಣ್ತಿಲ್ಲ ಕಣೇ" ಅಂದರು. ನೀವು ಕರೆದಿದ್ದ ಸಾರ್ವಜನಿಕ ಸಭೆಗೆ ಹೋಗಿ ಎದ್ದು ನಿಂತು ಕೇಳಿಯೂ ಕೇಳಿದರು. ನೆನಪಿದೆಯೇ? ನೀವು ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಚೌಕಗಳನ್ನು ತೋರಿಸಿದಿರಿ. ನಮ್ಮ ಬೀದಿ ಹಳದಿಯಲ್ಲಿದೆ, ಎಷ್ಟು ಎಚ್ಚರ ವಹಿಸಿದರೂ ಉಳಿದೇ ಉಳಿಯುವ ಈ ಉಳಿಕೆ ಅಪಾಯ ಸ್ವೀಕಾರಾರ್ಹ ಎಂದಿರಿ. ಅದನ್ನು ಸ್ವೀಕರಿಸಿದವರು ಯಾರು ಸ್ವಾಮಿ? ನಮ್ಮ ಮನೆಗೆ ಬಂದು, ಇಂತಿಂಥ ಅಪಾಯವಿದೆ, ಇಟ್ಟುಕೊಳ್ಳುತ್ತೀರಾ ಎಂದು ಯಾರೂ ಕೇಳಲಿಲ್ಲ. ಅಪಾಯ ನಮ್ಮ ನೆಲದಡಿ, ಸ್ವೀಕಾರ ನಿಮ್ಮ ಕಚೇರಿಯಲ್ಲಿ. ಯಜಮಾನರಿಗೆ ಧನ್ಯವಾದ ಹೇಳಿ ಕೂರಿಸಿದಿರಿ.

ಆಮೇಲಿನದು ಒಂದು ಸಾಧಾರಣ ಮಧ್ಯಾಹ್ನ. ಒಬ್ಬರು ತಮ್ಮ ತಾಯಿಯ ಫೋಟೋ ಹಿಡಿದು ಅಂಗಡಿಯಲ್ಲಿ ಕಾಯುತ್ತಿದ್ದರು. ಒಳಗೆ ಯಜಮಾನರು ಗಾಜು ಕುಯ್ಯುತ್ತಿದ್ದರು. ಅವರ ಕ್ರಮ ನನಗೆ ಬಾಯಿಪಾಠ. ಗೆರೆ ಎಳೆಯುವ ಸರ್ರ್ ಎಂಬ ಸದ್ದು, ಅಡಿಯಿಂದ ಮೆಲ್ಲಗೆ ತಟ್ಟುವ ಟಿಕ್ ಟಿಕ್, ಆಮೇಲೆ ಟಪ್ ಎಂದು ಮುರಿಯುವುದು. ಅಂದು ಸರ್ರ್ ಕೇಳಿತು. ಟಿಕ್ ಟಿಕ್ ಕೇಳಿತು. ಟಪ್ ಬರಲೇ ಇಲ್ಲ. ಓಡಿಹೋಗಿ ಬಾಗಿಲು ತೆಗೆದರೆ ಕೋಣೆಯೇ ಇರಲಿಲ್ಲ. ಹೊಸ್ತಿಲಿನಾಚೆ ಕಪ್ಪು ಗುಂಡಿ, ಅದರೊಳಗಿಂದ ಏಳುವ ಧೂಳು.

ನಿಮ್ಮವರು ಬೇಗ ಬಂದರು, ಇಲ್ಲವೆನ್ನುವುದಿಲ್ಲ. ಕಾಂಕ್ರೀಟ್ ಲಾರಿಗಳೂ ಬಂದವು. ನಾನು ಹೊಸ್ತಿಲು ಬಿಟ್ಟು ಏಳಲಿಲ್ಲ. "ಅಕ್ಕಾ, ತಡ ಮಾಡಿದ್ರೆ ಇಡೀ ಬೀದಿ ಕೂತ್ಬಿಡತ್ತೆ, ದಯವಿಟ್ಟು ಏಳಿ" ಎಂದು ನಿಮ್ಮ ಎಂಜಿನಿಯರೊಬ್ಬರು ಅಳುತ್ತಲೇ ನನ್ನನ್ನು ಎತ್ತಿಕೊಂಡು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದು ನಿಜವೇ ಇರಬಹುದು, ಬೀದಿಯ ಅಷ್ಟೂ ಮನೆಗಳು ಆ ಕಾಂಕ್ರೀಟಿನಿಂದಲೇ ಉಳಿದಿರಬಹುದು. ಆದರೆ ನನ್ನನ್ನು ಕರೆದೊಯ್ದ ಮೇಲೆ, ಸುರಿಯುವ ಮೊದಲು, ಯಾರಾದರೂ ಆ ಗುಂಡಿಯ ಅಂಚಿಗೆ ಬಗ್ಗಿ "ಯಾರಿದ್ದೀರಿ?" ಎಂದು ಒಂದು ಸಲ ಕೂಗಿದರೇ? ಕೂಗಿ, ಒಂದು ಉಸಿರಿನಷ್ಟು ಹೊತ್ತು ಕಿವಿಗೊಟ್ಟರೇ? ಇದೊಂದು ನನ್ನನ್ನು ತಿನ್ನುತ್ತಿದೆ.

ಯಾಕೆಂದರೆ ನನಗೆ ಇವತ್ತಿಗೂ ಕೇಳುತ್ತದೆ. ಪಾತ್ರೆ ತೊಳೆಯುವಾಗ, ಗಿರಾಕಿಯ ಜೊತೆ ಮಾತಾಡುವಾಗ, ಕಾಂಕ್ರೀಟಿನ ಕಡೆಯಿಂದ ಟಿಕ್ ಟಿಕ್. ಮೈಯೆಲ್ಲ ಕಿವಿಯಾಗಿ ಮೂರನೇ ಸದ್ದಿಗೆ ಕಾಯುತ್ತೇನೆ. ಬರುವುದಿಲ್ಲ. ದುಃಖದಲ್ಲಿ ಹೀಗೆಲ್ಲ ಆಗುತ್ತದೆ ಎಂದರು ಡಾಕ್ಟರು, ಮಾತ್ರೆ ಕೊಟ್ಟರು. ಮಾತ್ರೆ ನುಂಗಿದರೆ ನಿದ್ದೆ ಬರುತ್ತದೆ, ಸದ್ದು ಹೋಗುವುದಿಲ್ಲ. ಒಂದು ದಿನ ಅತ್ತೆ ಹುರುಳಿಕಾಯಿ ಸೋಸುತ್ತಿದ್ದವರು ಕೈ ತಡೆದು, "ಕೇಳ್ತಾ?" ಅಂದರು. ನಾನವರಿಗೆ ಏನೂ ಹೇಳಿರಲಿಲ್ಲ.

ಈ ವಾರ ಅತ್ತೆಯ ಕೋಣೆಯ ಗಾಜು ಒಡೆದಿದೆ. ಅದೇ ಅಳತೆಯವರು ಹೊಸ ಪಟ್ಟಿ ಹಿಡಿದು ಬಂದರು, ನಾನು ಒಳಗೆ ಬಿಡಲಿಲ್ಲ. ಮನೆ ಬಿಟ್ಟು ಹೋಗೋಣ ಬನ್ನಿ ಎಂದು ಅತ್ತೆಯ ಕಾಲು ಹಿಡಿದೆ, ಬೈದೆ, ಗೋಳಾಡಿದೆ. ಅವರದು ಒಂದೇ ಮಾತು: "ಅವನು ಇಲ್ಲೇ ಇದಾನಲ್ಲೇ. ನನ್ನ ಮಗನ್ನ ಯಾರಾದ್ರೂ ಕೂಗಿ ಕರೆದ್ರಾ, ಸುಮ್ನೆ ಮುಚ್ಚಿಬಿಟ್ರಾ? ಅದನ್ನ ಹೇಳೋರು ಬಂದು ಹೇಳ್ಲಿ. ಆಮೇಲೆ ಬರ್ತೀನಿ."

ಅದಕ್ಕೇ ನನ್ನ ಬೇಡಿಕೆ ಇದು. ಯಂತ್ರ ನಿಲ್ಲಿಸಿ. ಬೀದಿಯಲ್ಲಿ ಒಡೆದ ಯಾವ ಗಾಜನ್ನೂ ಬದಲಿಸಬೇಡಿ, ಒಡೆದದ್ದು ಒಡೆದ ಹಾಗೇ ಇರಲಿ, ಆ ಮನೆಗಳನ್ನು ಖಾಲಿ ಮಾಡಿಸಿ. ನಮ್ಮ ಮನೆಗೆ ಮಾತ್ರ ನೀವೇ ಬನ್ನಿ. ಚೌಕಗಳ ಚಿತ್ರ ಬೇಡ, ಸಂತಾಪವೂ ಬೇಡ. ಅತ್ತೆಯ ಎದುರು ಕೂತು, ಕೂಗಿದ್ದರೆ ಕೂಗಿದೆವು ಎನ್ನಿ. ಕೂಗದಿದ್ದರೆ ಅದನ್ನೂ ಅವರ ಮುಖ ನೋಡಿ ಹೇಳಿ. ಹೇಳಿಯಾದ ಮೇಲೆ ಅವರ ಒಂದು ಕೈ ನೀವು ಹಿಡಿಯಿರಿ, ಇನ್ನೊಂದನ್ನು ನಾನು ಹಿಡಿಯುತ್ತೇನೆ. ಗೋಡೆ ಬೀಳುವ ಮೊದಲು ಅವರನ್ನು ಹೊರಗೆ ಕರೆತರೋಣ.

ಬೇಗ ಬನ್ನಿ. ಈ ಸಾಲು ಬರೆಯುವಾಗಲೂ ಟಿಕ್ ಟಿಕ್ ಎನ್ನುತ್ತಿದೆ. ಈ ಸಲ ಅದು ಗೋಡೆಯದೋ ಯಜಮಾನರದೋ, ನನಗೆ ತಿಳಿಯುತ್ತಿಲ್ಲ.

ಇಂತಿ,
ನೀವು ಸ್ವೀಕರಿಸಿದ ಅಪಾಯದ ಹೆಂಡತಿ,
ಹಳದಿ ಚೌಕ, ಉಳಿದಿರುವ ಅರ್ಧ ಮನೆ