ಗೋಡು ತೆಗೆದ ಗುಂಡಿಯ ಕೊರವ

ಹಿರೇಕೊಡಿಗೆ
16-11-2004

ಪ್ರೀತಿಯ ಮಂಜಯ್ಯನಿಗೆ ದೇವಪ್ಪನ ನಮಸ್ಕಾರ.

ನಿನ್ನ ಕಾಗದ ಬಂದ ಮೇಲೆ ದಸರೆ ಹೋಯಿತು, ದೀಪಾವಳಿಯೂ ಹೋಯಿತು. ಉತ್ತರ ಬರೆಯದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಹೇಳಿಕೊಳ್ಳುವಂಥ ಸುದ್ದಿ ಒಂದು ಕೈಗೆ ಬರಲಿ ಎಂದು ಕಾದೆ. ಬಂತು. ನಾನು ಹೇಳುತ್ತಿದ್ದೇನೆ, ಸೊಸೆ ಭವ್ಯ ಬರೆಯುತ್ತಿದ್ದಾಳೆ. ಹೇಳಿದ್ದನ್ನು ಹೇಳಿದ ಹಾಗೇ ಬರಿ, ನಡುವೆ ನಿನ್ನ ಜಾಣತನ ಸೇರಿಸಬೇಡ ಎಂದಿದ್ದೇನೆ. ನಗುತ್ತಿದ್ದಾಳೆ.

ಕಣ್ಣಿನ ವಿಷಯ ನೀನು ಕೇಳಿದ್ದೆ. ಎರಡೂ ಹೋದವು ಮಾರಾಯ. ಈಗ ಹಗಲು ಯಾವುದು, ಕತ್ತಲೆ ಯಾವುದು ಎಂದಷ್ಟೇ ತಿಳಿಯುತ್ತದೆ. ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಸರಿ ಎಂದು ಎದ್ದು ಬಂದೆ. ಅದಕ್ಕಿಂತ ಸಿಟ್ಟು ಬಂದದ್ದು ಮಗ ಕಿರಣನ ಮೇಲೆ. ಕೆರೆಗೆ ಬಿದ್ದುಬಿಟ್ಟೀರಿ ಎಂದು ನನ್ನ ಗಾಳದ ಕೋಲನ್ನು ಅಟ್ಟಕ್ಕೆ ಹಾಕಿದ. ಹೆಂಡತಿ ಶೇಷಮ್ಮನೂ ಮಗನ ಪಕ್ಷವೇ. ಕೆರೆಯೂ ಹೋದರೆ ನನಗೆ ಉಳಿಯುವುದೇನು ಹೇಳು, ಜಗಲಿ ಮತ್ತು ರೇಡಿಯೋ. ಉಸಿರಿರುವಾಗಲೇ ಮೂಲೆಗೆ ಹಾಕಿದ ಹಾಗಾಯಿತು. ಊಟ ಬಿಟ್ಟು ಹಠ ಹಿಡಿದೆ. ಕೊನೆಗೆ ಒಂದು ಮಾತಿಗೆ ಬಂದರು: ಒಂದೇ ಒಂದು ಸಲ ಕಿರಣನೇ ಕೈ ಹಿಡಿದು ಕರೆದೊಯ್ಯಬೇಕು, ಮೀನು ಸಿಕ್ಕರೆ ವಾರವಾರ ಹೋಗಬಹುದು, ಸಿಗದಿದ್ದರೆ ಮತ್ತೆ ಕೆರೆಯ ಹೆಸರೆತ್ತಬಾರದು. ಒಪ್ಪಿದೆ. ನನಗೇನು ಭಯ?

ಮೊನ್ನೆ ಭಾನುವಾರ ಹೋದೆವು. ಕಿರಣ ನೇರವಾಗಿ ತೂಬಿನ ಹತ್ತಿರ ಕೂರಿಸಲು ನೋಡಿದ. ಊರಿನವರೆಲ್ಲ ಕೂರುವುದು ಅಲ್ಲೇ, ಆಳ ಇದ್ದಲ್ಲಿ ದೊಡ್ಡ ಮೀನು ಎಂಬ ಲೆಕ್ಕ. ಅದಕ್ಕೇ ಅವರಿಗೆ ಬೆರಳುದ್ದದ್ದು ಸಿಗುವುದು. ನಾನು ಹಲಸಿನ ಮರದ ದಡಕ್ಕೆ ನಡೆ ಎಂದೆ. ನೆನಪುಂಟಲ್ಲ, ಬೇಸಿಗೆಯಲ್ಲಿ ಕೆರೆ ಒಣಗಿದಾಗ ನಾವಿಬ್ಬರೂ ತಳದ ಹೂಳು ತೆಗೆದು ತೋಟಕ್ಕೆ ಗೋಡು ಹೊತ್ತದ್ದು? ಬುಟ್ಟಿ ತಲೆ ಮೇಲಿಟ್ಟು ಹತ್ತುವುದಕ್ಕೆಂದು ಗೋಡು ತೆಗೆದ ಗುಂಡಿಗೆ ಮೆಟ್ಟಿಲು ಕಡಿದಿದ್ದೆವು. ಅದೆಲ್ಲ ಯಾವತ್ತೋ ತುಂಬಿಹೋಗಿರುತ್ತದೆ ಎಂದ ಕಿರಣ. ನೀನು ಹುಟ್ಟುವ ಮೊದಲಿನ ಗುಂಡಿ, ನಿನಗೇನು ಗೊತ್ತು, ಸುಮ್ಮನಿರು ಎಂದೆ.

ಆಳ ನೋಡಲು ದಾರಕ್ಕೆ ಪಂಪಿನ ನಟ್ಟು ಕಟ್ಟಿ, ಮೊಳಕ್ಕೊಂದು ಗಂಟು ಹಾಕಿಕೊಂಡಿದ್ದೆ. ದಡದ ಹತ್ತಿರ ಎಸೆದೆ, ಎರಡು ಮೊಳ. ಇನ್ನೂ ಆಚೆ ಎಸೆದೆ, ಮತ್ತೆ ಎರಡೇ. ಮತ್ತೂ ಸ್ವಲ್ಪ ಆಚೆ ಎಸೆದೆ ನೋಡು, ಗಂಟುಗಳು ಬೆರಳ ಸಂದಿಯಿಂದ ಒಂದರ ಹಿಂದೊಂದು ಜಾರಿದವು, ಆಳುದ್ದ ದಾಟಿಯೇ ನಿಂತಿತು. ಗುಂಡಿ ಸ್ವಲ್ಪ ತುಂಬಿದೆ, ಆದರೆ ನಾವು ಕಡಿದ ಅಂಚು ಅಂಚಾಗಿಯೇ ಇದೆ! ಕೊರವ ಗುಂಡಿಯೊಳಗೆ ಮಲಗುವ ಮೀನಲ್ಲ. ಮೇಲೆ ತಿನ್ನಲಿಕ್ಕೆ, ಕೆಳಗೆ ಅಡಗಲಿಕ್ಕೆ ಎಂದು ಅಂಚಿನಲ್ಲೇ ಇರುತ್ತದೆ, ಜಗಲಿಯಲ್ಲಿ ಕೂತ ಯಜಮಾನನ ಹಾಗೆ, ಅದಕ್ಕೆ ಅಂಗಳದ್ದೂ ಬೇಕು, ಒಳಮನೆಯದ್ದೂ ಬೇಕು.

ಗಾಳಕ್ಕೆ ಕಪ್ಪೆಮರಿ ಚುಚ್ಚಿ ಅಂಚಿಗೇ ಬಿಟ್ಟೆ. ನೀರ ಮೇಲೆ ತೇಲುವ ಬೆಂಡು ಬೇಡ ಎಂದೆ, ನೋಡುವವರಾರು? ದಾರವನ್ನು ಬೆರಳಿಗೇ ಸುತ್ತಿಕೊಂಡೆ. ಬಿಸಿಲು ನೆತ್ತಿಗೇರಿತು. ಹೋಗೋಣ ಎಂದು ಕಿರಣ ಗೊಣಗಲು ಶುರುಮಾಡಿದ. ಆಗ ದಾರ ಒಮ್ಮೆ ಮಿಡುಕಿತು. ಬಿಟ್ಟುಕೊಟ್ಟೆ. ಚೆನ್ನಾಗಿ ನುಂಗಲಿ ಎಂದು ಕಾದು, ಆಮೇಲೆ ಎಳೆದೆ. ಅಬ್ಬಾ, ಕೋಲು ಬಿಲ್ಲಾಯಿತು. ಕಿರಣ ಕೈ ಹಾಕಲು ಬಂದ, ಮುಟ್ಟಿದರೆ ನೋಡು ಎಂದು ಗದರಿದೆ. ನಾನೇ ದಡಕ್ಕೆ ತಂದೆ. ಮೊಣಕೈಯಿಂದ ಬೆರಳ ತುದಿ ದಾಟಿ ಇನ್ನೂ ಒಂದು ಗೇಣು, ತೊಡೆಯಷ್ಟು ದಪ್ಪ. ಕಿರಣ ಗಾಳ ಬಿಡಿಸಿ ಮೀನನ್ನು ಚೀಲಕ್ಕೆ ಹಾಕಿದ. ಆಮೇಲೆ ಕೇಳಿದ:

"ಮುಂದಿನ ವಾರ ಎಷ್ಟು ಗಂಟೆಗೆ ಹೊರಡಾಣ ಅಪ್ಪಯ್ಯ?"

ಶೇಷಮ್ಮ ಸಾರು ಮಾಡಿದಳು, ಬಡಿಸುವಾಗ ಒಂದು ಹೋಳು ಹೆಚ್ಚೇ ಹಾಕಿದಳು. ಕೋಲು ಈಗ ಜಗಲಿಯಲ್ಲೇ ಇದೆ. ನಿನಗೂ ಮಗಳ ಮನೆಯವರಿಗೂ ಒಳ್ಳೆಯದಾಗಲಿ, ಶೆಟ್ಟಿಕೊಪ್ಪದ ಮಳೆಗೆ ಹೆಚ್ಚಿದ ನಿನ್ನ ಮಂಡಿನೋವು ಬೇಗ ಇಳಿಯಲಿ.

ಇಂತಿ ನಿನ್ನ
ದೇವಪ್ಪ

ಮತ್ತೆ: ಇದು ನನ್ನದೇ ಕೈಬರಹ. ಭವ್ಯ ವಿಳಾಸ ಬರೆದಿಟ್ಟು ಒಳಗೆ ಹೋದಳು. ಸಾಲಿನ ಮೇಲೆ ಸಾಲು ಹತ್ತಿದ್ದರೆ ನಿಧಾನವಾಗಿ ಬಿಡಿಸಿ ಓದು. ಮೊಮ್ಮಗಳು ಅರ್ಪಿತಾ ಹುಟ್ಟುವಷ್ಟರಲ್ಲಿ ನನ್ನ ಕಣ್ಣು ಹೋಗಿತ್ತು. ಅವಳ ಮುಖ ನಾನು ನೋಡಿಲ್ಲ ಮಂಜಯ್ಯ. ಮುಟ್ಟಿ ತಿಳಿಯೋಣ ಎಂದರೆ ಈ ಒರಟು ಬೆರಳಿಗೆ ಅಳುತ್ತಾಳೆ. ಯಾರ ಹಾಗಿದ್ದಾಳೆ ಎಂದು ಕೇಳಿದರೆ ಎಲ್ಲರೂ ನಿಮ್ಮ ಹಾಗೇ ಅನ್ನುತ್ತಾರೆ, ನನ್ನ ಸಮಾಧಾನಕ್ಕೆ. ನೀನು ನನಗೆ ಸುಳ್ಳು ಹೇಳಿದವನಲ್ಲ. ಒಂದು ಸಲ ಬಂದು ಅವಳನ್ನು ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳು. ಮೊನ್ನೆ ಮೀನು ನೋಡಿ ಮಗು ನಕ್ಕಿತಂತೆ, ಮನೆಯೆಲ್ಲ ನಕ್ಕಿತು. ನಾನೂ ಜೋರಾಗಿ ನಕ್ಕೆ. ಶೇಷಮ್ಮ ಮೆಲ್ಲಗೆ ನನ್ನ ಗಲ್ಲ ಹಿಡಿದು ಮಗು ಇದ್ದ ಕಡೆಗೆ ತಿರುಗಿಸಿದಳು.