ಅಪ್ಪನ ರೇಡಿಯೋ, ನಿನ್ನ ಡಿಜೆ

ಶಹಾಬಜಾರ, ಕಲಬುರಗಿ
19-4-2025

ಪ್ರೀತಿಯ ದಿಲೀಪಣ್ಣಾ,

ಹೇಗಿದ್ದೀಯ? ಕಮಲಾಪುರದ ಬಿಸಿಲೇನೂ ಇಲ್ಲಿಗಿಂತ ಕಡಿಮೆಯಲ್ಲ. ಲಗ್ನದ ಹಂಗಾಮಿನಲ್ಲಿ ಸ್ಪೀಕರ್ ಹೊತ್ತು ಹೊತ್ತು ಬೆನ್ನುನೋವು ಹೆಚ್ಚಾಗಿಲ್ಲ ತಾನೆ? ಅವ್ವನ ಮೊಣಕಾಲು ಹಾಗೇ ಇದೆ. ನನ್ನ ಎಂ.ಎ. ಮುಗಿದು ವರ್ಷವಾಯಿತು, ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೇನೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಅವ್ವ ಪಕ್ಕದಲ್ಲೇ ಇರುತ್ತಾಳೆ, ಅವಳಿಗೂ ಗೊತ್ತಿಲ್ಲದ ಮಾತು, ಅದಕ್ಕೇ ಕಾಗದ.

ನೀನು ಮನೆ ಬಿಟ್ಟ ದಿನ ನಿನ್ನ ಡಿಜೆ ಬಗ್ಗೆ ನೀನೂ ಅಪ್ಪನೂ ಆಡಿದ ಮಾತು ನನಗೆ ಬಾಯಿಪಾಠವಾಗಿದೆ. "ಇದು ಹಾಡಲ್ಲ, ದಾಲ್ ಮಿಲ್ ಸಪ್ಪಳ. ದಿನಾ ನಂದೂರ ಮಿಲ್ಲಿನಾಗ ದುಡಕೋತ ಕೇಳ್ತೀನಿ, ಮನ್ಯಾಗೂ ಕೇಳಬೇಕೇನು?" ಎಂದ ಅಪ್ಪ. "ನಿನ್ನ ಆಲಾಪ ಮುಗಿಯೋದ್ರಾಗ ಮದುಮಗ ಲಗ್ನಾ ಮುಗಿಸಿ ಮನಿಗಿ ಹೋಗಿರ್ತಾನ" ಎಂದೆ ನೀನು. ನನಗೆ ನಗು ಬಂದಿತ್ತು, ನಗಲಿಲ್ಲ. (ನನ್ನ ರುಚಿಯನ್ನು ಇಬ್ಬರೂ ಕೇಳಲಿಲ್ಲ. ಮೋಮಿನಪುರದ ಚಾಂದಬಿ ಆಪಾ ಹೊಲಿಗೆ ಹಾಕುತ್ತ ಸಣ್ಣಗೆ ಹಚ್ಚುವ ಹಳೆಯ ಗಜಲ್ ನನಗೆ ಸಾಕು.) ಎರಡು ವರ್ಷದಿಂದ ನೀನು ಫೋನ್ ಮಾಡುತ್ತೀ, ಅಪ್ಪ ಒಂದು ಗಳಿಗೆ ಕಿವಿಗೆ ಹಿಡಿದು ಮಾತಿಲ್ಲದೆ ನನ್ನ ಕೈಗೆ ಕೊಡುತ್ತಾನೆ. "ಅವನಿಗೆ ಇನ್ನೂ ಸಿಟ್ಟು, ನಾ ಬರೋದಿಲ್ಲ" ಎನ್ನುತ್ತೀ ನೀನು. ಅಪ್ಪ ಆರಾಮ ಕೇಳಿದ ಎಂದು ನಾನೇ ಕಟ್ಟಿ ಹೇಳುತ್ತೇನೆ. ಕಟ್ಟಿ ಕಟ್ಟಿ ದಣಿದಿದ್ದೇನೆ ಅಣ್ಣಾ.

ಸಿಟ್ಟೇ ಎಂದು ನಾನೂ ನಂಬಿದ್ದೆ. ಹೋದ ವಾರ ಬೆಳಿಗ್ಗೆ ಅಪ್ಪ ಎಂದಿನಂತೆ ರೇಡಿಯೋ ಮುಂದೆ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಗಾಯನ ಮುಗಿದು ವಾರ್ತೆ ಶುರುವಾಯಿತು. ಅವನ ಕೈ ನಿಲ್ಲಲಿಲ್ಲ. ಮಳೆ, ಚುನಾವಣೆ ಎಲ್ಲಕ್ಕೂ ತಾಳ ಬೀಳುತ್ತಲೇ ಇತ್ತು. ನಾನು ಹೋಗಿ ರೇಡಿಯೋ ಬಂದ್ ಮಾಡಿದೆ. ಆಗಲೂ ನಿಲ್ಲಲಿಲ್ಲ.

ಆಮೇಲೆ ಜಯಂತಿ ಬಂತು. ಪ್ರತಿ ವರ್ಷ ಬಾಬಾಸಾಹೇಬರ ಫೋಟೋಕ್ಕೆ ಕೈಮುಗಿದು, ಡಿಜೆ ಗಾಡಿ ಬರುವಷ್ಟರಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದವನು ಈ ಸಲ ಕಟ್ಟೆಯ ಮೇಲೇ ನಿಂತ. ತಲೆ ಅಲ್ಲಾಡಿಸುತ್ತಿದ್ದ, ಪೆಟ್ಟು ಒಂದೂ ತಪ್ಪಲಿಲ್ಲ. ಗಾಡಿ ದಾಟಿದ ಮೇಲೆ ನನ್ನ ಮುಖ ನೋಡದೆ ಹೇಳಿದ: "ಇದೊಂದೇ ಸಾಫ್ ಕೇಳ್ತದ ಸಪ್ನಾ. ಉಳದದ್ದು ಮಿಲ್ ತಿಂದದ. ದಿಲೀಪಗ ಹೇಳಬ್ಯಾಡ, ನಗ್ತಾನ."

ನೀನು ನಗುವುದಿಲ್ಲ ಎಂದು ನಾನು ಹೇಳಲಿಲ್ಲ. ಹೇಳಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ನಿನ್ನ ಜೊತೆ ಡಿಜೆ ನಡೆಸುವ ಮೌನೇಶಣ್ಣನನ್ನು ಕೇಳಿದೆ ಎಂದು ಹೇಳು. ಕೆಲಸ ಎಷ್ಟೇ ಇರಲಿ, ಹೊತ್ತಿಗೆ ಉಣ್ಣು. ಜೈ ಭೀಮ್.

ನಿನ್ನ ತಂಗಿ,
ಸಪ್ನಾ

ತಾ.ಕ.: ಬರುವ ಗುರುವಾರ ದೊಡ್ಡಾಸ್ಪತ್ರೆಯಲ್ಲಿ ಅಪ್ಪನ ಕಿವಿ ತೋರಿಸಬೇಕು. ನನ್ನ ಜೊತೆ ಬರಲು ಒಪ್ಪುತ್ತಿಲ್ಲ, ನೀನು ಬಂದರೆ ಹೊರಟಾನು. ಬುಧವಾರವೇ ಬಾ. ಓಣಿಯಲ್ಲಿ ಸಿಕ್ಕರೆ ಹಿಂದಿನಿಂದ ಕರೆಯಬೇಡ, ತಿರುಗಿ ನೋಡಲಿಲ್ಲ ಎಂದು ಮತ್ತೆ ಹೊರಟುಬಿಡುತ್ತೀ. ಎದುರಿಗೆ ಹೋಗಿ ನಿಲ್ಲು.