ನಗರ ದಿನದ ವರದಿ ಓದಿದ್ದು

ಸ್ಟೇಷನ್ ರಸ್ತೆಯ ಮನೆ
ನವೆಂಬರ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ನಿಜವಾಗಿಯೂ ಹೋಯಿತೋ, ಇಲ್ಲ ಅಮ್ಮನ ಬಾಯಿ ಮುಚ್ಚಿಸಲು ಹೋಯಿತು ಅಂದೆಯೋ? ಆ ಪಂಪ್‌ಹೌಸಿನ ತೇವದ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡ. ನಾನು ಕಳಿಸಿದ ಉಣ್ಣೆಯ ಕಾಲುಚೀಲ ಚುಚ್ಚುತ್ತೆ ಅಂತ ಮೂಲೆಗೆ ಎಸೆದಿರುತ್ತೀಯ, ಗೊತ್ತು. ಇಲ್ಲಿ ನಾವಿಬ್ಬರೂ ಗಟ್ಟಿಯಾಗಿದ್ದೇವೆ. ನಿಮ್ಮಪ್ಪನ ಮಂಡಿ ನಮ್ಮ ಮನೆಯ ಆರು ಮೆಟ್ಟಿಲು ಹತ್ತುವಾಗ ನೋಯುತ್ತದೆ, ಇಸ್ಪೀಟಾಡಲು ಪಕ್ಕದವರ ಮೂರನೇ ಮಹಡಿಗೆ ಹೋಗುವಾಗ ನೋಯುವುದಿಲ್ಲ.

ಶುಕ್ರವಾರಕ್ಕೆ ನಮ್ಮ ಊರು ನಗರ ಅನ್ನಿಸಿಕೊಂಡು ಒಂಬತ್ತು ವರ್ಷ ತುಂಬಿತು. ಈ ಸಲದ ಸಾಧನೆಗಳ ವರದಿಯನ್ನು ಸಭೆಯಲ್ಲಿ ಓದಿದವಳು ನಾನೇ. ನಗಬೇಡ, ಪೂರ್ತಿ ಕೇಳು. ಹದಿನೈದು ದಿನದ ಹಿಂದೆ ಪ್ರಚಾರಾಧಿಕಾರಿ ಮನೆಗೆ ಬಂದಿದ್ದ. ಅವನೇ, ನೀನು ಅತ್ತರು ಸಾಹೇಬ ಅಂತ ಹೆಸರಿಟ್ಟಿದ್ದೆಯಲ್ಲ, ಮನುಷ್ಯ ಗೇಟಿನ ಹತ್ತಿರ ಇರುವಾಗಲೇ ವಾಸನೆ ನಡುಮನೆಗೆ ಬಂದು ಕೂತಿರುತ್ತದೆ. "ಇಡೀ ಊರು ನಿಮ್ಮ ದನಿ ಕೇಳಿ ಬೆಳೆದಿದೆ ಅಮ್ಮಾ, ನೀವೇ ಓದಬೇಕು" ಅಂದ. ಮೂವತ್ತೊಂದು ವರ್ಷ ರೈಲು ನಿಲ್ದಾಣದ ಮೈಕಿನ ಮುಂದೆ ಕೂತವಳು ನಾನು. ಎರಡು ಗಂಟೆ ತಡವಾಗಿ ಬರುವ ಗಾಡಿಯನ್ನು ಹದಿನೈದು ನಿಮಿಷ ತಡ ಅಂತ ಜೇನು ಸುರಿಸಿ ಹೇಳಿದವಳಿಗೆ ಇನ್ನೊಂದು ಕಟ್ಟು ಸುಳ್ಳು ಓದಿದರೆ ನಾಲಿಗೆ ಸವೆಯುತ್ತದೆಯೇ ಅಂದುಕೊಂಡು ಒಪ್ಪಿದೆ. ನಿವೃತ್ತಿಯಾದ ಮೇಲೆ ಯಾರೂ ಕರೆದಿರಲಿಲ್ಲ, ಸ್ವಲ್ಪ ಜಂಭವೂ ಆಯಿತು. ನಿನ್ನ ಹತ್ತಿರ ಮುಚ್ಚಿಡುವುದೇನಿದೆ.

ವರದಿಯೋ, ಕೈಯಲ್ಲಿ ಹಿಡಿದರೆ ಜಾರುವಂಥ ನುಣುಪು ಕಾಗದ, ಅರವತ್ತನಾಲ್ಕು ಪುಟ. ಅದರಲ್ಲಿ ನಲವತ್ತೊಂದು ಪುಟಗಳಲ್ಲಿ ಮೇಯರ್ ಮುಖ. ಗಿಡ ನೆಟ್ಟ ಐದು ಫೋಟೋಗಳಲ್ಲೂ ಅದೇ ಗಿಡ, ಅದೇ ಮುರಿದ ಟೊಂಗೆ, ಮೇಯರ್ ಅಂಗಿ ಮಾತ್ರ ಬೇರೆ ಬೇರೆ. ಉದ್ಯಾನಕ್ಕೆ ಇನ್ನೂರು ಬೆಂಚು ಹಾಕಿಸಿದ್ದಾರಂತೆ. ನಾನು ಹೋಗಿ ನೋಡಿದೆ, ಹಾಕಿರುವುದು ನಿಜ. ಅರ್ಧದಷ್ಟು ಬೆಂಚುಗಳ ಮುಖ ಕಾಂಪೌಂಡು ಗೋಡೆಯ ಕಡೆಗೆ. ಕೂತವರು ಸಿಮೆಂಟು ನೋಡಿಕೊಂಡು ವಿಶ್ರಾಂತಿ ಪಡೆಯಬೇಕು. ಸೈಕಲ್ ದಾರಿ ಅಂಚೆ ಕಚೇರಿಯಿಂದ ಹೊರಟು ನೆಟ್ಟಗೆ ಒಂದು ಟ್ರಾನ್ಸ್‌ಫಾರ್ಮರಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ಗ್ರಂಥಾಲಯದಲ್ಲಿ ಎಲ್ಲ ಹೊಸ ಕಪಾಟು, ಎಲ್ಲದಕ್ಕೂ ಬೀಗ. ಪುಸ್ತಕ ಕೇಳಿದರೆ "ಕೊಳೆಯಾಗುತ್ತೆ ಅಮ್ಮಾ" ಅನ್ನುತ್ತಾರೆ. ಇಷ್ಟೆಲ್ಲ ಸಾಲದು ಅಂತ ಊರಿನವರ ಸಂತೋಷವನ್ನೂ ಅಳೆದಿದ್ದಾರೆ. ಹೋದ ವರ್ಷಕ್ಕಿಂತ ನಾವು ನೂರಕ್ಕೆ ಹನ್ನೆರಡರಷ್ಟು ಹೆಚ್ಚು ಸುಖಿಗಳಂತೆ. ನಿಮ್ಮಪ್ಪನಿಗೆ ಓದಿ ಹೇಳಿದೆ. "ನನ್ನನ್ನು ಯಾರು ಯಾವಾಗ ಅಳೆದರು?" ಅಂತ ಇವತ್ತಿಗೂ ಕೇಳುತ್ತಿದ್ದಾರೆ.

ಇಷ್ಟನ್ನೂ ನಾನು ಕನ್ನಡಿ ಮುಂದೆ ನಿಂತು, ದನಿ ಏರಿಸಿ ಇಳಿಸಿ, ಚೆನ್ನಾಗಿಯೇ ಅಭ್ಯಾಸ ಮಾಡಿಕೊಂಡೆ. ಆಮೇಲೆ ನೀರಿನ ಪುಟ ಬಂತು. ಪೂರ್ವ ಬಡಾವಣೆಯ ಹೊಸ ಟ್ಯಾಂಕನ್ನು "ಮಹಿಳಾ ಎಂಜಿನಿಯರ್ ಒಬ್ಬರು ಖುದ್ದಾಗಿ ಪರೀಕ್ಷಿಸಿ ಯೋಗ್ಯವೆಂದು ದೃಢಪಡಿಸಿದ್ದಾರೆ" ಅಂತ ಇತ್ತು. ಪಕ್ಕದಲ್ಲೇ ನಿನ್ನ ಹೆಸರು, ಇನಿಷಿಯಲ್ ಸಮೇತ. ನನ್ನ ಮೈ ಉರಿದುಹೋಯಿತು. ಆ ಟ್ಯಾಂಕಿನ ಕಂಬದಲ್ಲಿ ಬಿರುಕಿದೆ, ತುಂಬಬೇಡಿ ಅಂತ ಬರೆದು, ಸಹಿ ಹಾಕುವುದಿಲ್ಲ ಅಂದದ್ದಕ್ಕೆ ತಾನೇ ನಿನ್ನನ್ನು ಎಂಟು ಗಂಟೆಯ ಬಸ್ ದಾರಿ ಆಚೆ ಎತ್ತಿ ಹಾಕಿದ್ದು? ಹದಿನಾಲ್ಕು ತಿಂಗಳಾಯಿತು. ಈಗ ನಿನ್ನ ಬಾಯಲ್ಲೇ ಅದನ್ನು ಗಟ್ಟಿ ಅನ್ನಿಸುತ್ತಿದ್ದಾರೆ. ಶುಕ್ರವಾರ ಸಭೆ ಮುಗಿದ ಮೇಲೆ ಮೇಯರ್ ಗುಂಡಿ ಒತ್ತಿ ಮೊದಲ ಸಲ ಕಂಠಮಟ್ಟ ತುಂಬಿಸುವವರಿದ್ದರು. ಅದರ ಬುಡದಲ್ಲೇ ಶಾಲೆ ಇದೆ ಅನ್ನುವುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಬುಧವಾರ ಅವರ ಕಚೇರಿಗೆ ಹೋದೆ. ಆ ಸಾಲು ತೆಗೆಯಿರಿ ಅಂದೆ. ಅತ್ತರು ಸಾಹೇಬ ಟೀ ತರಿಸಿದ, ಫ್ಯಾನು ನನ್ನ ಕಡೆ ತಿರುಗಿಸಿದ. "ಮಗಳ ಹೆಸರು ಪುಸ್ತಕದಲ್ಲಿ ಬಂದರೆ ತಾಯಿಗೆ ಹೆಮ್ಮೆಯಲ್ಲವೇ?" ಅಂದ. ಆ ಮನುಷ್ಯನಿಗೆ ನಾಚಿಕೆ ಅನ್ನುವುದನ್ನು ಯಾರೂ ಪರಿಚಯ ಮಾಡಿಕೊಟ್ಟಿಲ್ಲ. ಟೀ ಕುಡಿಯದೆ ಎದ್ದು ಬಂದೆ. ಆದರೆ ಓದುವುದಿಲ್ಲ ಅಂತ ಹೇಳಿ ಬರಲಿಲ್ಲ. ಏನು ಮಾಡುತ್ತೇನೆ ಅಂತ ವೇದಿಕೆ ಹತ್ತುವವರೆಗೂ ನನಗೇ ಗೊತ್ತಿರಲಿಲ್ಲ, ಸತ್ಯವಾಗಿ ಹೇಳುತ್ತೇನೆ.

ಸಭೆ ಬೆಳಿಗ್ಗೆ ಹತ್ತಕ್ಕೆ. ಹಿಂದಿನ ಸಾಲುಗಳಲ್ಲಿ ಪೌರಕಾರ್ಮಿಕರನ್ನು ರಜೆ ಕೊಡದೆ ಕೂರಿಸಿದ್ದರು. ಪ್ರತಿ ಸಾಧನೆಗೂ ಚಪ್ಪಾಳೆ ತಟ್ಟುವುದು ಅವರ ಅವತ್ತಿನ ಡ್ಯೂಟಿ. ಮುಂದಿನ ಸಾಲಿನಲ್ಲಿ ಆ ಶಾಲೆಯ ಮಕ್ಕಳು, ಕೈಯಲ್ಲಿ ಕಾಗದದ ಬಾವುಟ. ಬೆಂಚು ಓದಿದೆ, ಚಪ್ಪಾಳೆ. ಸೈಕಲ್ ದಾರಿ, ಚಪ್ಪಾಳೆ. ಸಂತೋಷಕ್ಕೆ ಜೋರು ಚಪ್ಪಾಳೆ. ನೀರಿನ ಪುಟ ತಿರುವಿದಾಗ ಒಂದು ಹುಡುಗಿ ಬೂಟಿನ ಲೇಸು ಬಿಚ್ಚಿಕೊಂಡು ಮತ್ತೆ ಕಟ್ಟಲು ಬಾರದೆ ಒದ್ದಾಡುತ್ತಿದ್ದಳು. ಅವಳನ್ನೇ ನೋಡುತ್ತಾ ನಿಂತುಬಿಟ್ಟೆ. ಆಮೇಲೆ ಕಾಗದ ಮಡಿಸಿ, ಸ್ಟೇಷನ್ನಿನ ದನಿಯಲ್ಲೇ ಹೇಳಿದೆ: "ದಯವಿಟ್ಟು ಗಮನಿಸಿ. ಇಲ್ಲಿ ಬರೆದಿರುವುದು ತಪ್ಪು. ಟ್ಯಾಂಕಿನ ಕಂಬ ಬಿರುಕು ಬಿಟ್ಟಿದೆ. ಪರೀಕ್ಷಿಸಿದ ಎಂಜಿನಿಯರ್ ನನ್ನ ಮಗಳು. ಅವಳು ಸಹಿ ಹಾಕಿಲ್ಲ." ಅಭ್ಯಾಸಬಲ ನೋಡು, ಪ್ರಕಟಣೆ ಅಂದಮೇಲೆ ಎರಡು ಸಲ ಹೇಳಬೇಕಲ್ಲ, ಇನ್ನೊಂದು ಸಲವೂ ಹೇಳಿದೆ. ಹಿಂದಿನ ಸಾಲುಗಳವರು ಅದಕ್ಕೂ ಚಪ್ಪಾಳೆ ತಟ್ಟಿದರು.

ಮೈಕು ಆರಿಸಿದರು. ಮೇಯರ್ ನಗು ಮುಖದಲ್ಲೇ ಹೆಪ್ಪುಗಟ್ಟಿತ್ತು, ಪಾಪ, ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿ ಎದ್ದು ವೇದಿಕೆಯ ಹತ್ತಿರ ಬಂದು, "ನಿಜವೇ ಅಮ್ಮಾ?" ಅಂತ ಮೆಲ್ಲಗೆ ಕೇಳಿದರು. ನಿಜ ಅಂದೆ. ಅವರು ಮಕ್ಕಳನ್ನು ಎರಡು ಸಾಲು ಮಾಡಿ ಹೊರಗೆ ಕರೆದುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ತಂದೆ ತಾಯಂದಿರು ಟ್ಯಾಂಕಿನ ಕೆಳಗೆ ಸೇರಿ, ಗುಂಡಿಯ ಪೆಟ್ಟಿಗೆಗೆ ಯಾರನ್ನೂ ಬಿಡಲಿಲ್ಲ. ನಿನ್ನೆ ಮೇಲಿನ ಕಚೇರಿಯಿಂದ ಇಬ್ಬರು ಎಂಜಿನಿಯರುಗಳು ಬಂದರು. ಸುತ್ತಿಗೆಯಿಂದ ನಾಲ್ಕು ಏಟು ಹಾಕಿದ್ದಕ್ಕೆ ಕಂಬದ ಗಾರೆ ಹಪ್ಪಳದ ಹಾಗೆ ಎದ್ದು ಬಂತಂತೆ, ಒಳಗೆ ಹೆಬ್ಬೆರಳು ತೂರುವಷ್ಟು ಟೊಳ್ಳು. ತಳದಲ್ಲಿ ನಿಂತಿದ್ದ ನೀರನ್ನೂ ಹೊರಬಿಟ್ಟು ಟ್ಯಾಂಕಿಗೆ ಬೀಗ ಹಾಕಿದ್ದಾರೆ. ಇವತ್ತಿನ ಪೇಪರಿನಲ್ಲಿ ಏನು ಬಂದಿದೆ ಗೊತ್ತೇ? "ಮಕ್ಕಳ ಸುರಕ್ಷತೆಗೆ ಮೇಯರ್ ದಿಟ್ಟ ಕ್ರಮ." ಮುಂದಿನ ವರ್ಷದ ಪುಸ್ತಕದಲ್ಲಿ ಇದಕ್ಕೂ ಒಂದು ಪುಟ ಇಡುತ್ತಾರೆ, ಬರೆದಿಟ್ಟುಕೋ. ಉಗುಳೋಣ ಅಂದರೂ ಊರೆಲ್ಲ ಅವರದೇ ಪೋಸ್ಟರು.

ನಿಮ್ಮಪ್ಪ ಎರಡು ದಿನದಿಂದ ಬೀದಿಯಲ್ಲಿ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದಾರೆ, ಭಾಷಣ ಮಾಡಿದ್ದು ತಾವೇ ಅನ್ನುವ ಹಾಗೆ. ನಿನಗೆ ಆಶೀರ್ವಾದ ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಕೂದಲಿಗೆ ಎಣ್ಣೆ ಹಾಕು, ಯಾರಿಗೂ ತಲೆ ತಗ್ಗಿಸಬೇಡ. ಇಲ್ಲಿಂದಲೇ ನಿನ್ನ ನೆತ್ತಿ ಸವರುತ್ತಿದ್ದೇನೆ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಬುಧವಾರ ಅತ್ತರು ಸಾಹೇಬ ಹೇಳಿದ್ದರಲ್ಲಿ ಅರ್ಧವನ್ನು ಬಿಟ್ಟಿದ್ದೇನೆ. ಅವನು ಒಂದು ಫೈಲು ತೆರೆದು ತೋರಿಸಿದ. ನಿನ್ನನ್ನು ಡಿಸೆಂಬರಿನಿಂದ ಇಲ್ಲಿಗೇ ವಾಪಸು ಕರೆಸಿಕೊಳ್ಳುವ ಆದೇಶ. ಟೈಪಾಗಿತ್ತು, ಒಂದು ಸಹಿ ಬಾಕಿ. "ಶುಕ್ರವಾರ ಕಳೆಯಲಿ" ಅಂದ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದರೆ ನೀನು ಏನನ್ನುತ್ತೀಯ ಅಂತ ಹೆದರಿ ಕೇಳಲಿಲ್ಲ. ಬರುತ್ತೇನೆ, ಓದಿಬಿಡು ಅಂದಿದ್ದರೂ ಕಷ್ಟ, ಓದಬೇಡ ಅಂದಿದ್ದರೂ ಕಷ್ಟ. ಆ ಫೈಲು ಇನ್ನು ಏಳುವುದಿಲ್ಲ. ನಿಮ್ಮಪ್ಪನಿಗೆ ಇದು ಗೊತ್ತಿಲ್ಲ, ಹೇಳಬೇಡ. ಬೈಯುವುದಿದ್ದರೆ ಪತ್ರದಲ್ಲಿ ಬೈಯಬೇಡ, ಫೋನು ಮಾಡಿ ಬೈ. ನೀನು ಮುಗಿಸುವವರೆಗೂ ನಾನು ಇಡುವುದಿಲ್ಲ.